ನಲವತ್ತು ವರ್ಷದ ಜಾಗ್ವಾರ್ ಎಕ್ಸ್‌ಜೆ-ಎಸ್: ಕೊಳ್ಳುವ ಮುನ್ನ ನೋಡಿದ್ದು, ಕಾದದ್ದು, ತೆತ್ತದ್ದು

ಕವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ ತಯಾರಾದ ಜಾಗ್ವಾರ್ ಎಕ್ಸ್‌ಜೆ-ಎಸ್ ಕೂಪೆಯೊಂದನ್ನು ಕೊಳ್ಳುವ ಕೆಲಸ ಹೋದ ವರ್ಷದ ಶರತ್ಕಾಲದಲ್ಲಿ ಶುರುವಾಗಿ ಈಗಷ್ಟೇ ಮುಗಿದಿದೆ. ಹಣ ಕೊಟ್ಟು ಬೀಗದ ಕೈ ಇಸಿದುಕೊಳ್ಳಲು ಒಂದು ಮಧ್ಯಾಹ್ನ ಸಾಕಾಯಿತು. ಉಳಿದ ತಿಂಗಳುಗಳೆಲ್ಲ ಕಳೆದದ್ದು ಕಾರಿನ ಸ್ಥಿತಿ ನಿಜವಾಗಿ ಹೇಗಿದೆ ಎಂದು ತಿಳಿಯುವುದರಲ್ಲಿ, ಮತ್ತು ಅದಕ್ಕೆ ಬೇಕಾದ ಕಾಗದಪತ್ರಗಳಿಗಾಗಿ ಕಾಯುವುದರಲ್ಲಿ. ಇಂಗ್ಲೆಂಡಿನಲ್ಲಿರುವ ಕನ್ನಡಿಗರಲ್ಲಿ ಹಳೆಯ ಕಾರುಗಳ ಮೋಹವುಳ್ಳವರು ಇಬ್ಬರು ಮೂವರು ಈಗಾಗಲೇ ನನ್ನನ್ನು ವಿಚಾರಿಸಿದ್ದಾರೆ. ಅವರಿಗೂ, ಅವರಂತೆ ಈ ಕೆಲಸಕ್ಕೆ ಕೈಹಾಕುವವರಿಗೂ ಉಪಯೋಗವಾಗಲೆಂದು ನಡೆದದ್ದನ್ನೆಲ್ಲ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಕಾರಿನ ವಿಷಯ. ಇ-ಟೈಪ್ ಕಾರಿನ ಜಾಗಕ್ಕೆ ಎಕ್ಸ್‌ಜೆ-ಎಸ್ ಬಂದದ್ದು 1975ರ ಸೆಪ್ಟೆಂಬರಿನಲ್ಲಿ. ಅದರ ಆಕಾರವನ್ನು ರೂಪಿಸಿದವರಲ್ಲಿ ಮುಖ್ಯರಾದ ಮಾಲ್ಕಮ್ ಸೇಯರ್ 1970ರಲ್ಲೇ ತೀರಿಕೊಂಡಿದ್ದರು. 1996ರ ವಸಂತದಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 1,15,413 ಕಾರುಗಳು ಹೊರಬಂದಿದ್ದವು. ಈ ಅವಧಿಯಲ್ಲಿ ಕೊಳ್ಳುವವರು ನೆನಪಿಡಬೇಕಾದ ಎರಡು ತಿರುವುಗಳಿವೆ. 1981ರಲ್ಲಿ ಆರಾರು ಸಿಲಿಂಡರಿನ ಎರಡು ಸಾಲುಗಳುಳ್ಳ 5.3 ಲೀಟರಿನ ವಿ12 ಎಂಜಿನ್ನಿಗೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಮೈಕೆಲ್ ಮೇ ಅವರ ವಿನ್ಯಾಸದ ಸಿಲಿಂಡರ್ ಹೆಡ್ ಸೇರಿ ಎಚ್‌ಇ ಮಾದರಿ ಬಂತು. 1991ರಲ್ಲಿ ಹೊರಮೈ ಬದಲಾಯಿತು, ಹೆಸರಿನ ನಡುವಿದ್ದ ಗೆರೆಯೂ ಹೋಯಿತು. ಇವಲ್ಲದೆ 1983ರಿಂದ ಆರು ಸಿಲಿಂಡರಿನ 3.6 ಲೀಟರ್ ಮಾದರಿಯೂ ಸಿಗುತ್ತಿತ್ತು. ಅದರ ನಿರ್ವಹಣೆ ಸುಲಭ, ಪೆಟ್ರೋಲ್ ಖರ್ಚೂ ಕಡಿಮೆ. ಎರಡನ್ನೂ ಓಡಿಸಿ ನೋಡಿದ ಮೇಲೆ ನನ್ನ ಮನಸ್ಸು ಹನ್ನೆರಡು ಸಿಲಿಂಡರಿನ ಎಚ್‌ಇ ಮೇಲೆಯೇ ನಿಂತಿತು. ಸದ್ದಿಲ್ಲದೆ ಎಳೆಯುವ ಆ ಎಂಜಿನ್ನಿಗಾಗಿಯೇ ಈ ಕಾರನ್ನು ಇಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಹನ್ನೆರಡು ಸಿಲಿಂಡರ್ ಎಂದ ಕೂಡಲೇ ಎಲ್ಲರೂ ಹೆದರಿಸಿದರು. ಎಂಜಿನ್ ಕೆಟ್ಟರೆ ಕಾರಿನ ಬೆಲೆಗಿಂತ ರಿಪೇರಿಯ ಬೆಲೆಯೇ ಹೆಚ್ಚಾದೀತು ಎಂದರು. ನಾನು ಕಂಡುಕೊಂಡದ್ದು ಬೇರೆ. ಶೀತಲೀಕರಣವನ್ನು ಸರಿಯಾಗಿ ನೋಡಿಕೊಂಡ ವಿ12 ಬಲು ಗಟ್ಟಿಯಾದ ಎಂಜಿನ್, ಅದಕ್ಕೆ ಜೋಡಿಸಿದ ಜನರಲ್ ಮೋಟರ್ಸ್ ಕಂಪನಿಯ ಮೂರು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅದಕ್ಕಿಂತಲೂ ಗಟ್ಟಿ. ಈ ಕಾರನ್ನು ಕೊಲ್ಲುವುದು ತುಕ್ಕು. ಇದಕ್ಕೆ ಬೇರೆ ಚಾಸಿ ಇಲ್ಲ, ಮೈಯ ತಗಡೇ ಎಲ್ಲ ಭಾರವನ್ನೂ ಹೊರಬೇಕು. ಆ ತಗಡು ತಿಂದುಹೋಗಿದ್ದರೆ ಎಂಜಿನ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಮೊದಲು ಮೈ, ಆಮೇಲೆ ಎಂಜಿನ್, ಚರ್ಮದ ಸೀಟು ಮತ್ತು ಮರದ ಫಲಕ ಕೊನೆಗೆ ಎಂದು ಕ್ರಮ ಹಾಕಿಕೊಂಡೆ.

ಮನೆಯಿಂದ ಹೊರಡುವ ಮೊದಲೇ ಮಾಡಬಹುದಾದ ಕೆಲಸ ಬಹಳವಿದೆ, ಅದಕ್ಕೆ ಒಂದು ಪೆನ್ನಿಯೂ ಖರ್ಚಾಗುವುದಿಲ್ಲ. ಬ್ರಿಟನ್ನಿನಲ್ಲಿ ಕಾರುಗಳು ಪ್ರತಿವರ್ಷ ಎಂಒಟಿ ಎಂಬ ತಪಾಸಣೆಗೆ ಒಳಗಾಗಬೇಕು. ಕಾರಿನ ನಂಬರ್ ಹಾಕಿದರೆ ಸರ್ಕಾರದ ಜಾಲತಾಣದಲ್ಲಿ 2005ರಿಂದೀಚಿನ ತಪಾಸಣೆಗಳ ವಿವರ ಉಚಿತವಾಗಿ ಸಿಗುತ್ತದೆ. ಪಾಸು ಫೇಲು ಮಾತ್ರ ನೋಡಿ ಸುಮ್ಮನಾಗಬೇಡಿ. ತಪಾಸಕರು ಪಾಸು ಮಾಡಿದಾಗಲೂ ಬರೆಯುವ ಎಚ್ಚರಿಕೆಯ ಸಾಲುಗಳಲ್ಲಿ ಕಾರಿನ ಜಾತಕವೇ ಇರುತ್ತದೆ. ಒಂದು ವರ್ಷ "ಹಿಂಬದಿ ಸಸ್ಪೆನ್ಷನ್ ಆಧಾರದ ಬಳಿ ಲಘುವಾದ ತುಕ್ಕು" ಎಂದಿದ್ದು, ಮಾರನೆಯ ವರ್ಷ "ತಳಕ್ಕೆಲ್ಲ ರಕ್ಷಕ ಲೇಪ ಬಳಿದಿರುವುದರಿಂದ ಪರೀಕ್ಷಿಸಲಾಗಲಿಲ್ಲ" ಎಂದಿದ್ದರೆ ಆ ತುಕ್ಕು ವಾಸಿಯಾಗಿಲ್ಲ, ಕಣ್ಮರೆಯಾಗಿದೆ ಎಂದು ತಿಳಿಯಬೇಕು. ಸಸ್ಪೆನ್ಷನ್, ಸ್ಟಿಯರಿಂಗ್, ಸೀಟ್‌ಬೆಲ್ಟ್ ಮುಂತಾದವುಗಳ ಆಧಾರದಿಂದ 30 ಸೆಂಟಿಮೀಟರಿನೊಳಗೆ ತಗಡು ಶಕ್ತಿಗುಂದಿದ್ದರೆ ಕಾರು ಫೇಲಾಗುತ್ತದೆ ಎಂಬ ನಿಯಮ ಗೊತ್ತಿದ್ದರೆ ಈ ಸಾಲುಗಳ ತೂಕ ಅರ್ಥವಾಗುತ್ತದೆ. ಮೈಲಿಗಳ ಲೆಕ್ಕ ಹಿಂದಕ್ಕೆ ಹೋಗಿದೆಯೇ, ತಪಾಸಣೆಯೇ ಆಗದ ವರ್ಷಗಳಿವೆಯೇ ಎಂಬುದನ್ನೂ ಅಲ್ಲೇ ನೋಡಬಹುದು. ವರ್ಷಗಟ್ಟಲೆ ನಿಂತ ಕಾರು ಓಡಿದ ಕಾರಿಗಿಂತ ಹೆಚ್ಚು ಕೆಟ್ಟಿರುತ್ತದೆ.

ನೋಡಲು ಹೋದ ಮೊದಲ ಕಾರು ಸರ್ರೆ ಪ್ರಾಂತ್ಯದಲ್ಲಿತ್ತು. ಚಿತ್ರಗಳಲ್ಲಿ ಕೆಂಪು ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು, ಬೆಲೆ 16,500 ಪೌಂಡ್. ಹುಬ್ಬಳ್ಳಿಯ ಹಿರಿಯ ಗೆಳೆಯರೊಬ್ಬರು ಜೊತೆಗೆ ಬಂದಿದ್ದರು. ಅವರು ಊರಿನಲ್ಲಿ ಗ್ಯಾರೇಜ್ ನಡೆಸಿ, ಮಕ್ಕಳ ಜೊತೆಗಿರಲೆಂದು ಇಲ್ಲಿಗೆ ಬಂದವರು. ನಾನು ಇನ್ನೂ ಬಣ್ಣವನ್ನು ನೋಡುತ್ತಿರುವಾಗಲೇ ಅವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಅದು ಬೆಚ್ಚಗಿತ್ತು. ಎಂಜಿನ್ ತಣ್ಣಗಿರಲಿ, ನಾವು ಬಂದ ಮೇಲೆಯೇ ಚಾಲೂ ಮಾಡೋಣ ಎಂದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಕೊಂಡಿದ್ದೆ. "ತಮ್ಮಾ, ಬಣ್ಣ ನೋಡಿ ಮರುಳಾಗಬ್ಯಾಡ. ಮೇಲೆ ಥಳುಕು, ಒಳಗ ಹುಳುಕು ಅಂತಾರಲ್ಲ, ಕೆಳಗ ಬಗ್ಗಿ ನೋಡು" ಎಂದರು. "ಆಗಲಿ ಅಣ್ಣ" ಎಂದು ಚಾಪೆ ಹಾಸಿ ಹಿಂದಿನ ಚಕ್ರದ ಬಳಿ ಮಲಗಿದೆ.

ಎಕ್ಸ್‌ಜೆ-ಎಸ್ ನೋಡುವವರು ಮೊದಲು ಕಣ್ಣು ಹಾಯಿಸಬೇಕಾದ ಜಾಗ ಇದು. ಹಿಂದಿನ ಚಕ್ರವನ್ನು ಹಿಡಿದಿರುವ ರೇಡಿಯಸ್ ಆರ್ಮ್ ಎಂಬ ಉಕ್ಕಿನ ತೋಳು ಮುಂದಕ್ಕೆ ಚಾಚಿಕೊಂಡು, ಬಾಗಿಲಿನ ಕೆಳಗೆ ಉದ್ದಕ್ಕೂ ಹಾದಿರುವ ಸಿಲ್ ಎಂಬ ತಗಡಿನ ಪಟ್ಟಿಯ ಹಿಂತುದಿಯ ಹತ್ತಿರ ನೆಲದ ತಗಡಿನಲ್ಲಿರುವ ಬಟ್ಟಲಿನಂಥ ಆಧಾರಕ್ಕೆ ದೊಡ್ಡ ರಬ್ಬರ್ ಬುಷ್ ಮೂಲಕ ಸೇರುತ್ತದೆ. ಚಕ್ರ ಎಸೆಯುವ ಉಪ್ಪುನೀರು, ಕೆಸರು ಎಲ್ಲ ಅಲ್ಲೇ ಹೋಗಿ ಕೂರುತ್ತದೆ. ಆ ಕಾರಿನ ತಳಕ್ಕೆಲ್ಲ ಕಪ್ಪು ಲೇಪ ಹೊಸದಾಗಿ ಬಳಿದಿದ್ದರು, ವಾಸನೆ ಇನ್ನೂ ಆರಿರಲಿಲ್ಲ. ಬಟ್ಟಲಿನ ಅಂಚಿನಲ್ಲಿ ಲೇಪ ಒಂದಿಷ್ಟು ಉಬ್ಬಿದಂತೆ ಕಂಡಿತು. ಮಾರುವವರ ಅನುಮತಿ ಕೇಳಿ ಸ್ಕ್ರೂಡ್ರೈವರಿನ ಹಿಡಿಯಿಂದ ಸುತ್ತಲೂ ತಟ್ಟುತ್ತ ಬಂದೆ. ಟಣ್ ಟಣ್ ಎನ್ನುತ್ತಿದ್ದ ಸದ್ದು ಉಬ್ಬಿದ ಕಡೆ ಬಂದಾಗ ಮಂಕಾಯಿತು. ಉಗುರಿನಿಂದ ಕೆರೆದಾಗ ಲೇಪದ ಪದರ ಸಿಪ್ಪೆಯಂತೆ ಎದ್ದುಬಂತು. ಅದರ ಹಿಂದೆ ಇದ್ದದ್ದು ಫೈಬರ್ ಗ್ಲಾಸಿನ ತೇಪೆ, ಆ ತೇಪೆಯ ಹಿಂದೆ ಕಂದು ಪುಡಿ. ಚಕ್ರದ ಭಾರ ಹೊರಬೇಕಾದ ಜಾಗದಲ್ಲಿ ಬೆರಳಗಲದಷ್ಟು ತಗಡೇ ಇರಲಿಲ್ಲ.

ಮಾರುವವರು ಮಾತು ಬದಲಿಸಿ ಹೊಸ ಟೈರುಗಳನ್ನು ತೋರಿಸಿದರು. ನಾವು ವಂದನೆ ಹೇಳಿ ಹೊರಟೆವು. ಅಷ್ಟು ದೂರ ಹೋಗಿ ಬರಿಗೈಯಲ್ಲಿ ಮರಳುವ ಬೇಸರ ದೊಡ್ಡದೇ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು, ಆ ಕಾರನ್ನು ಚಿತ್ರ ನೋಡಿಯೇ ಯಾರಾದರೂ ಕೊಂಡು ಮಕ್ಕಳನ್ನು ಕೂರಿಸಿಕೊಂಡು ಮೋಟರ್‌ವೇಯಲ್ಲಿ ಓಡಿಸುತ್ತಾರಲ್ಲ ಎಂಬ ಚಿಂತೆ. ನೋಡದೆ ಕೊಳ್ಳಬೇಡಿ. ಹರಾಜಿನಲ್ಲಿ ಕೊಳ್ಳುವುದಾದರೂ ಹಿಂದಿನ ದಿನ ಹೋಗಿ ಕೆಳಗೆ ಮಲಗಿ ನೋಡಿ.

ಅಲ್ಲಿಂದ ಮುಂದೆ ಕಾಯುವ ಕಾಲ. ಚಳಿಗಾಲದಲ್ಲಿ ಮಾರಾಟಕ್ಕೆ ಬರುವ ಕಾರುಗಳು ಕಡಿಮೆ. ಬಂದವುಗಳಲ್ಲಿ ಹಲವನ್ನು ಎಂಒಟಿ ಇತಿಹಾಸ ಓದಿಯೇ ಬಿಟ್ಟೆ, ಕೆಲವನ್ನು ಹೋಗಿ ನೋಡಿ ಬಿಟ್ಟೆ. ಕೊನೆಗೆ ವೂಸ್ಟರ್‌ಶೈರಿನಲ್ಲಿ ಕೋಬಾಲ್ಟ್ ನೀಲಿ ಬಣ್ಣದ ಒಂದು ಎಚ್‌ಇ ಕೂಪೆ ಕಣ್ಣಿಗೆ ಬಿತ್ತು. ಬಣ್ಣ ಅಲ್ಲಲ್ಲಿ ಮಂಕಾಗಿತ್ತು, ಒಳಗಿನ ಚಾವಣಿ ಬಟ್ಟೆ ಜೋತುಬಿದ್ದಿತ್ತು. ಚಾವಣಿ ಬಟ್ಟೆಯ ಹಿಂದಿನ ಸ್ಪಂಜು ಪುಡಿಯಾಗುವುದು ಈ ಕಾರುಗಳಿಗೆಲ್ಲ ಸಾಮಾನ್ಯ, ಅದಕ್ಕೆ ಹೆದರಬೇಕಾಗಿಲ್ಲ. ಬೆಲೆ 14,000 ಪೌಂಡ್ ಹೇಳಿದ್ದರು. ಎರಡು ದಶಕ ಅದನ್ನು ಇಟ್ಟುಕೊಂಡಿದ್ದ ನಿವೃತ್ತ ಮೇಷ್ಟರೊಬ್ಬರು ಪ್ರತಿಯೊಂದು ಸರ್ವೀಸಿನ ರಸೀದಿಯನ್ನೂ ವರ್ಷವಾರು ಫೈಲ್ ಮಾಡಿದ್ದರು. ಕೇಳಿದ ಪ್ರಶ್ನೆಗಳಿಗೆಲ್ಲ ಫೋನಿನಲ್ಲಿ ನಿಧಾನವಾಗಿ ಉತ್ತರಿಸಿದರು. ಕಾರನ್ನು ಹಿಂದಿನ ದಿನದಿಂದ ಮುಟ್ಟುವುದಿಲ್ಲ ಎಂದು ಹೇಳಿದರು, ಹಾಗೆಯೇ ನಡೆದುಕೊಂಡರು.

ಅಲ್ಲಿ ಮೈಯನ್ನು ನೋಡಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಟಾರ್ಚು, ಹಿಡಿಯುಳ್ಳ ಸಣ್ಣ ಕನ್ನಡಿ, ಬಟ್ಟೆ ಸುತ್ತಿದ ಅಯಸ್ಕಾಂತ, ಫೋನಿಗೆ ಜೋಡಿಸುವ ಕೊಳವೆ ಕ್ಯಾಮೆರಾ, ಬಣ್ಣದ ದಪ್ಪ ಅಳೆಯುವ ಸಾಧನ ಇಷ್ಟೂ ನನ್ನ ಚೀಲದಲ್ಲಿದ್ದವು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿರುತ್ತದೆ. ಅದರ ದುಪ್ಪಟ್ಟು ಇದ್ದರೆ ಮತ್ತೊಮ್ಮೆ ಬಣ್ಣ ಹೊಡೆದಿದ್ದಾರೆ ಎಂದು ಅರ್ಥ, 500 ದಾಟಿದರೆ ಒಳಗೆ ಪುಟ್ಟಿ ತುಂಬಿದ್ದಾರೆ ಎಂದು ಅನುಮಾನಿಸಬೇಕು. ರೇಡಿಯಸ್ ಆರ್ಮ್ ಆಧಾರಗಳಾದ ಮೇಲೆ ಸಿಲ್‌ಗಳನ್ನು ಉದ್ದಕ್ಕೂ ತಟ್ಟಿ, ನೀರು ಹೋಗುವ ತೂತುಗಳ ಮೂಲಕ ಕ್ಯಾಮೆರಾ ತೂರಿಸಿ ಒಳಗೋಡೆಯನ್ನು ನೋಡಿದೆ. ಜಾಕ್ ಕೊಡುವ ಜಾಗಗಳು, ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ, ಮುಂದಿನ ಸಬ್‌ಫ್ರೇಮ್, ಸ್ಪ್ರಿಂಗ್ ಕೂರುವ ತಟ್ಟೆಗಳು, ಹಿಂಚಕ್ರದ ಕಮಾನುಗಳ ಒಳಅಂಚು, ಬಾಗಿಲುಗಳ ಕೆಳತುದಿ ಇವೆಲ್ಲ ಒಂದಾದ ಮೇಲೊಂದು. ಚಾವಣಿಯಿಂದ ಡಿಕ್ಕಿಯ ಕಡೆಗೆ ಇಳಿಯುವ ಎರಡು ರೆಕ್ಕೆಗಳೇ ಈ ಕಾರಿನ ಗುರುತು. ಅವುಗಳ ಬುಡದಲ್ಲಿ ನೀರು ನಿಂತು ಒಳಗಿನಿಂದ ಕೊರೆಯುತ್ತದೆ. ಬಣ್ಣದ ಮೇಲೆ ಗುಳ್ಳೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗೆ ತಗಡು ಮುಗಿದಿರುತ್ತದೆ. ಅಲ್ಲಿ ವೆಲ್ಡಿಂಗ್ ಮಾಡಿ ಆಕಾರ ಕೂರಿಸುವುದು ಒಳ್ಳೆಯ ಟಿಂಕರಿಂಗ್ ಕೆಲಸಗಾರರಿಗೂ ಕಷ್ಟದ, ದುಬಾರಿಯ ಕೆಲಸ.

ಮುಂದಿನ ಕಾಲಡಿಯ ಕಾರ್ಪೆಟ್ ಎತ್ತಿ ಅಂಗೈಯಿಂದ ಒತ್ತಿ ನೋಡಬೇಕು. ಒದ್ದೆಯಿದ್ದರೆ ಮುಂಗಾಜಿನ ಚೌಕಟ್ಟು ತುಕ್ಕು ಹಿಡಿದು ಸೋರುತ್ತಿರಬಹುದು. ಡಿಕ್ಕಿಯನ್ನು ಬರಿದು ಮಾಡಿಸಿ ನೋಡುವುದನ್ನು ಮರೆಯಬೇಡಿ. ಬ್ಯಾಟರಿ ಅಲ್ಲೇ ಇರುವುದರಿಂದ ಅದರ ಕೆಳಗಿನ ತಗಡು ಆಮ್ಲದಿಂದ ತಿಂದುಹೋಗಿರುತ್ತದೆ. ಪೆಟ್ರೋಲ್ ಟ್ಯಾಂಕ್ ಕೂಡ ಹಿಂಸೀಟಿನ ಬೆನ್ನಿಗೆ, ಹಿಂದಿನ ಆಕ್ಸಲ್‌ನ ಮೇಲ್ಭಾಗದಲ್ಲಿ, ಡಿಕ್ಕಿಯೊಳಗೇ ಇದೆ. ಮುಚ್ಚಳ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ ಹಳೆಯ ಕಾರಿಗೆ ಇದೆಲ್ಲ ಸಹಜ ಎಂಬ ಮಾತನ್ನು ಒಪ್ಪಬೇಡಿ. ಟ್ಯಾಂಕೋ ಹೋಸ್ ಪೈಪೋ ಸೋರುತ್ತಿದೆ ಎಂದೇ ಭಾವಿಸಿ.

ಎಂಜಿನ್ ಚಾಲೂ ಮಾಡುವ ಮೊದಲು ಕೂಲಂಟ್ ಮುಚ್ಚಳ ತೆಗೆದು ನೋಡಿದೆ. ನೀರು ಹಸಿರಾಗಿ ತಿಳಿಯಾಗಿತ್ತು. ಕಂದು ಬಣ್ಣದ ನೀರಿದ್ದರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಈ ಎಂಜಿನ್ ಪೂರ್ತಿ ಅಲ್ಯೂಮಿನಿಯಂನದು. ಆಂಟಿಫ್ರೀಜ್ ಹಾಕದೆ ಬರಿಯ ನೀರು ತುಂಬಿಸಿದರೆ ಒಳಗೆ ಸವೆದು, ಆ ಕೆಸರು ರೇಡಿಯೇಟರಿನ ಕೆಳಭಾಗದ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಆಮೇಲೆ ಎಂಜಿನ್ ಕಾಯುತ್ತದೆ, ಒಮ್ಮೆ ಅತಿಯಾಗಿ ಕಾದರೆ ವಾಲ್ವ್ ಸೀಟುಗಳು ಸಡಿಲಗೊಂಡು ಬೀಳುವ ಅಪಾಯವಿದೆ. ಚಾಲೂ ಮಾಡಿ ಇಪ್ಪತ್ತು ನಿಮಿಷ ನಿಂತಲ್ಲೇ ಓಡಲು ಬಿಟ್ಟೆವು. ಶಾಖ ಅಳೆಯುವ ಇನ್‌ಫ್ರಾರೆಡ್ ಸಾಧನವನ್ನು ಎರಡೂ ಥರ್ಮೊಸ್ಟಾಟ್ ಗೂಡುಗಳಿಗೆ ಹಿಡಿದಾಗ ವ್ಯತ್ಯಾಸ ಕೆಲವೇ ಡಿಗ್ರಿ ಇತ್ತು. ವಿ12ರ ಎರಡು ಸಾಲುಗಳಿಗೂ ಬೇರೆ ಬೇರೆ ಥರ್ಮೊಸ್ಟಾಟ್ ಇರುವುದರಿಂದ ಒಂದು ಸಾಲು ಮಾತ್ರ ಕಾಯುತ್ತಿದ್ದರೆ ಡ್ಯಾಶ್‌ಬೋರ್ಡಿನ ಮಾಪಕದಲ್ಲಿ ಅದು ಗೊತ್ತಾಗದೆಯೂ ಹೋಗಬಹುದು. ರೇಡಿಯೇಟರಿನ ಮೇಲಿನಿಂದ ಕೆಳಗಿನವರೆಗೂ ಅದೇ ಸಾಧನ ಹಿಡಿದು, ಎಲ್ಲಾದರೂ ತಣ್ಣನೆಯ ಜಾಗ ಇದೆಯೇ ಎಂದು ನೋಡಿದೆವು. ತಣ್ಣಗಿದ್ದ ಕಡೆ ಕೊಳವೆ ಕಟ್ಟಿದೆ ಎಂದೇ ಲೆಕ್ಕ.

ಎರಡೂ ಸೈಲೆನ್ಸರ್ ಕೊಳವೆಗಳ ಬಾಯಿಗೆ ಕೈ ಹಿಡಿದರೆ ಸಮನಾದ ಉಸಿರು ಬರುತ್ತಿತ್ತು. 1989ರ ನಡುವಿನ ನಂತರದ ವಿ12 ಕಾರುಗಳನ್ನು ನೋಡುವವರು ಇದನ್ನು ಇನ್ನಷ್ಟು ಗಮನಿಸಬೇಕು. ಆ ವರ್ಷಗಳ ಮರೆಲ್ಲಿ ಕಂಪನಿಯ ಇಗ್ನಿಷನ್ನಿನಲ್ಲಿ ರೋಟರ್ ಕೆಟ್ಟು ಒಂದು ಸಾಲಿನ ಆರೂ ಸಿಲಿಂಡರುಗಳಿಗೆ ಕಿಡಿ ನಿಲ್ಲುವುದುಂಟು. ಆಗ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಬೆಂಕಿಯಾಗುತ್ತದೆ. ಮೇಷ್ಟರ 1985ರ ಕಾರಿನಲ್ಲಿ ಲೂಕಾಸ್ ಕಂಪನಿಯ ಇಗ್ನಿಷನ್ ಇರುವುದರಿಂದ ಈ ಭಯವಿಲ್ಲ. ಬೆಂಕಿಯ ಇನ್ನೊಂದು ಕಾರಣ ಮಾತ್ರ ಎಲ್ಲ ವಿ12ಗಳಿಗೂ ಇದೆ. ಎಂಜಿನ್ನಿನ ಎರಡು ಸಾಲುಗಳ ನಡುವಿನ ಕಣಿವೆಯಲ್ಲಿ ಪೆಟ್ರೋಲ್ ಹೋಸ್ ಪೈಪುಗಳು ಹಾದುಹೋಗುತ್ತವೆ, ಅಲ್ಲಿನ ಬಿಸಿಗೆ ರಬ್ಬರ್ ಒಣಗಿ ಬಿರಿಯುತ್ತದೆ. ಮೇಷ್ಟರ ಫೈಲಿನಲ್ಲಿ ಅವುಗಳನ್ನು ಬದಲಿಸಿದ ರಸೀದಿಯಿತ್ತು, ಆದರೆ ಅದಕ್ಕೆ ಹತ್ತು ವರ್ಷ ದಾಟಿತ್ತು. ಒಂದು ಪೈಪನ್ನು ಬಗ್ಗಿಸಿದಾಗ ಮೇಲ್ಮೈಯಲ್ಲಿ ಸೂಕ್ಷ್ಮವಾದ ಬಿರುಕುಗಳು ಕಂಡವು.

ಓಡಿಸಿ ನೋಡುವ ಮುಂಚೆ ಒಂದು ಕಿವಿಮಾತು. ಈ ಕಾರಿನ ಹ್ಯಾಂಡ್‌ಬ್ರೇಕ್ ಚಾಲಕನ ಸೀಟಿಗೂ ಬಾಗಿಲಿಗೂ ನಡುವೆ ಇದೆ. ಎಳೆದು ಬ್ರೇಕ್ ಬಿಗಿದ ಮೇಲೂ ಹಿಡಿ ಕೆಳಕ್ಕೆ ಬೀಳುತ್ತದೆ. ಹಿಡಿ ಕೆಳಗಿದೆ ಎಂದು ಬ್ರೇಕ್ ಬಿಟ್ಟಿದೆ ಎಂದುಕೊಂಡು ಹೊರಡಬೇಡಿ. ರಸ್ತೆಯಲ್ಲಿ ಗೇರುಗಳು ಮೆಲ್ಲಗೆ ಬದಲಾದವು, 70 ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,600 ಸುತ್ತಿನಲ್ಲಿ ಸಲೀಸಾಗಿ ಓಡಿತು. ಬ್ರೇಕ್ ಒತ್ತಿದಾಗ ಹಿಂದಿನಿಂದ ಮಾತ್ರ ಸಣ್ಣ ನಡುಕ ಬಂತು. ಅದರ ಮೂಲ ಗೊತ್ತಾದದ್ದು ಆಮೇಲೆ, ಲಿಫ್ಟಿನ ಮೇಲೆ.

ಅಷ್ಟೂ ನೋಡಿದ ಮೇಲೂ ಜಾಗ್ವಾರ್ ಬಲ್ಲ ಸ್ವತಂತ್ರ ಮೆಕ್ಯಾನಿಕ್ ಒಬ್ಬರಿಂದ ತಪಾಸಣೆ ಮಾಡಿಸಿದೆ. ಅವರಿಗೆ ಪುರುಸೊತ್ತು ಸಿಗಲು ವಾರಗಟ್ಟಲೆ ಕಾಯಬೇಕಾಯಿತು. ಅಷ್ಟರಲ್ಲಿ ಬೇರೆ ಯಾರಾದರೂ ಕೊಂಡುಬಿಟ್ಟರೆ ಎಂಬ ಆತಂಕದಲ್ಲಿ ಮೇಷ್ಟರಿಗೆ 500 ಪೌಂಡ್ ಮುಂಗಡ ಕೊಟ್ಟು, ವರದಿ ಕೆಟ್ಟದಾಗಿ ಬಂದರೆ ಅದು ವಾಪಸ್ ಎಂದು ಇಬ್ಬರೂ ಸಹಿ ಮಾಡಿದ ಕಾಗದ ಇಟ್ಟುಕೊಂಡೆ. ತಪಾಸಣೆಗೆ ತಗುಲಿದ್ದು 360 ಪೌಂಡ್. ಎಂಜಿನ್ ಬಿಸಿಯಾದ ಮೇಲೆ ಕೂಲಂಟಿನ ಬಾಯಿಗೆ ನೀಲಿ ದ್ರವದ ಕೊಳವೆ ಹಿಡಿದು ಅವರು ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿದರು. ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದ್ದರೆ ದ್ರವ ಹಳದಿಯಾಗುತ್ತದೆ, ನಮ್ಮದು ನೀಲಿಯಾಗಿಯೇ ಉಳಿಯಿತು. ಎಣ್ಣೆಯ ಒತ್ತಡವನ್ನು ಕಾರಿನ ಮಾಪಕ ಬಿಟ್ಟು ತಮ್ಮದೇ ಮೆಕ್ಯಾನಿಕಲ್ ಗೇಜ್ ಜೋಡಿಸಿ ಅಳೆದರು. ಒತ್ತಡವನ್ನು ಮಾಪಕಕ್ಕೆ ತಿಳಿಸುವ ಈ ಕಾರುಗಳ ಸೆಂಡರ್ ಯೂನಿಟ್ಟನ್ನು ನಂಬುವಂತಿಲ್ಲ ಎಂಬುದು ಅವರ ಅನುಭವ.

ನಡುಕದ ಕಾರಣವನ್ನು ಅವರು ಬೆರಳಿಟ್ಟು ತೋರಿಸಿದರು. 1993ರವರೆಗಿನ ಎಕ್ಸ್‌ಜೆ-ಎಸ್ ಕಾರುಗಳಲ್ಲಿ ಹಿಂದಿನ ಬ್ರೇಕ್ ಡಿಸ್ಕುಗಳು ಚಕ್ರದ ಹತ್ತಿರ ಇಲ್ಲ, ಎಂಜಿನ್ನಿನ ಬಲವನ್ನು ಎರಡೂ ಹಿಂಚಕ್ರಗಳಿಗೆ ಹಂಚುವ ನಡುವಿನ ಡಿಫರೆನ್ಷಿಯಲ್‌ನ ಎರಡು ಪಕ್ಕಕ್ಕೂ ಅಂಟಿಕೊಂಡಿವೆ. ಬಲಗಡೆಯ ಸೀಲ್ ಸೋರಿ, ಎಣ್ಣೆ ಡಿಸ್ಕಿನ ಮೇಲೆ ಮೆತ್ತಿಕೊಂಡು, ಅದರ ಮೇಲೆ ಬ್ರೇಕಿನ ಧೂಳು ಅಂಟಿ ಕರಿಯ ಮೇಣದಂತಾಗಿತ್ತು. ಸೀಲ್ ಬೆಲೆ ಹೇಳಿಕೊಳ್ಳುವಷ್ಟಿಲ್ಲ. ಅದನ್ನು ತಲುಪಲು ಹಿಂದಿನ ಸಸ್ಪೆನ್ಷನ್ನಿನ ಇಡೀ ಚೌಕಟ್ಟನ್ನೇ ಕೆಳಗಿಳಿಸಬೇಕು, ಹೇಗೂ ಇಳಿಸಿದ ಮೇಲೆ ಡಿಸ್ಕು, ಕ್ಯಾಲಿಪರ್, ಬುಷ್‌ಗಳನ್ನೂ ಹೊಸದು ಮಾಡುವುದೇ ಜಾಣತನ. ಅಂದಾಜು 2,400 ಪೌಂಡ್. ಮುಂದಿನ ಬಲಗಡೆಯ ಜಾಕ್ ಜಾಗಕ್ಕೆ ವೆಲ್ಡಿಂಗ್ 350, ಪೆಟ್ರೋಲ್ ಪೈಪುಗಳು ಕೂಲಿ ಸೇರಿ 450. ರೇಡಿಯಸ್ ಆರ್ಮ್ ಆಧಾರಗಳು ಎರಡೂ ಗಟ್ಟಿಯಾಗಿವೆ ಎಂಬ ಸಾಲನ್ನು ಓದಿದಾಗ ನನಗಾದ ನಿರಾಳ ಅಷ್ಟಿಷ್ಟಲ್ಲ. ವರದಿಯನ್ನು ಮೇಷ್ಟರ ಮುಂದೆ ಇಟ್ಟು ಪುಟ ಪುಟವಾಗಿ ಮಾತಾಡಿದೆವು. ಹಿಂದಿನ ಬ್ರೇಕಿನ ವಿಷಯ ಅವರಿಗೂ ಗೊತ್ತಿರಲಿಲ್ಲ. 11,250 ಪೌಂಡಿಗೆ ಒಪ್ಪಿದರು. ಬಾಯಿಮಾತಿನ ಚೌಕಾಸಿಯಲ್ಲಿ ಇಷ್ಟು ಇಳಿಯುತ್ತಿರಲಿಲ್ಲ, 360 ಪೌಂಡಿನ ಖರ್ಚು ಅಲ್ಲಿಯೇ ಹಲವು ಪಟ್ಟು ಹುಟ್ಟಿತು.

ಇನ್ನು ಕಾಗದದ ತೊಡಕು. ಕಾರಿನ ನಂಬರ್ 'ಸಿ' ಅಕ್ಷರದಿಂದ ಶುರುವಾಗುತ್ತದೆ, ಎಂದರೆ ಅದರ ನೋಂದಣಿ 1985ರ ಆಗಸ್ಟ್ ಮತ್ತು 1986ರ ಜುಲೈ ನಡುವೆ ಆದದ್ದು. ವಿ5ಸಿ ಎಂಬ ನೋಂದಣಿ ಪತ್ರದಲ್ಲಿ 1986ರ ಫೆಬ್ರವರಿ ಎಂದಿತ್ತು. ಬ್ರಿಟನ್ನಿನಲ್ಲಿ 40 ವರ್ಷ ತುಂಬಿದ ಕಾರುಗಳಿಗೆ ಐತಿಹಾಸಿಕ ವಾಹನದ ದರ್ಜೆ ಸಿಗುತ್ತದೆ. 1986ರ ಜನವರಿ 1ಕ್ಕೆ ಮುಂಚೆ ತಯಾರಾದ ಕಾರಿಗೆ 2026ರ ಏಪ್ರಿಲ್ 1ರಿಂದ ರಸ್ತೆ ತೆರಿಗೆ ಇಲ್ಲ. ತಯಾರಾದ ದಿನ ತಿಳಿಯದಿದ್ದರೂ ಆ ಜನವರಿ 8ಕ್ಕೆ ಮುಂಚೆ ನೋಂದಣಿಯಾಗಿದ್ದರೆ ಸಾಕು. ನಮ್ಮ ಕಾರು ನೋಂದಣಿಯ ಲೆಕ್ಕದಲ್ಲಿ ಹೊರಗುಳಿಯುತ್ತಿತ್ತು. ಇದು ತೆರಿಗೆಯೊಂದರ ಪ್ರಶ್ನೆಯಷ್ಟೇ ಅಲ್ಲ. ಬರ್ಮಿಂಗ್‌ಹ್ಯಾಮ್ ನಗರದ ಶುದ್ಧ ಗಾಳಿ ವಲಯಕ್ಕೆ ಇಂಥ ಹಳೆಯ ಪೆಟ್ರೋಲ್ ಕಾರು ಹೊಕ್ಕರೆ ದಿನಕ್ಕೆ 8 ಪೌಂಡ್, ಲಂಡನ್ನಿನಲ್ಲಿ 12.50 ಪೌಂಡ್ ತೆರಬೇಕು. ಐತಿಹಾಸಿಕ ದರ್ಜೆ ಇದ್ದರೆ ಎರಡೂ ಇಲ್ಲ.

ಕಾರು ಫ್ಯಾಕ್ಟರಿಯಿಂದ ಹೊರಬಂದ ದಿನವನ್ನು ತೋರಿಸುವ ದಾಖಲೆ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕೊಡುವ ಪ್ರಮಾಣಪತ್ರ. ಅದನ್ನು ಕೇಳಬೇಕಾದವರು ಕಾರಿನ ಮಾಲೀಕರು, ಕೊಳ್ಳಲಿರುವವರಲ್ಲ. ಶುಲ್ಕ ನಾನು ಕೊಡುತ್ತೇನೆ ಎಂದಾಗ ಮೇಷ್ಟರು ತಾವೇ ಅರ್ಜಿ ಹಾಕಿದರು. ಅದಕ್ಕೂ ಕಾದೆವು. ಬಂದ ಪತ್ರದಲ್ಲಿ ತಯಾರಿಕೆಯ ತಿಂಗಳು ನವೆಂಬರ್ 1985 ಎಂದಿತ್ತು, ಮೂಲ ಬಣ್ಣ ಕೋಬಾಲ್ಟ್ ನೀಲಿಯೇ. ಪತ್ರದಲ್ಲಿದ್ದ ಎಂಜಿನ್ ನಂಬರನ್ನು ಬ್ಲಾಕಿನ ಮೇಲೆ ಕೊರೆದ ಅಂಕಿಗಳಿಗೆ ಹೋಲಿಸಿದೆ, ಒಂದೂ ವ್ಯತ್ಯಾಸವಿರಲಿಲ್ಲ. ಬೆಲೆ ಕೊಡುವ ಮುಂಚೆಯೇ ಈ ಪತ್ರ ತರಿಸಿಕೊಳ್ಳುವುದು ಎರಡು ರೀತಿಯಲ್ಲೂ ಲಾಭ.

ವಿ5ಸಿ ಮಾಲೀಕತ್ವದ ದಾಖಲೆಯಲ್ಲ, ಆ ಮಾತು ಅದರ ಮೇಲೆಯೇ ಮುದ್ರಿತವಾಗಿದೆ. ಆದ್ದರಿಂದ ಬೆಲೆ, ದಿನಾಂಕ, ಚಾಸಿ ನಂಬರ್, ಇಬ್ಬರ ಸಹಿ ಇರುವ ಪ್ರತ್ಯೇಕ ಮಾರಾಟ ಪತ್ರ ಮಾಡಿಸಿ. ಕಾರಿನ ಮೇಲೆ ಹಿಂದಿನ ಸಾಲ ಬಾಕಿಯಿದೆಯೇ, ಅಪಘಾತದ ನಂತರ ವಿಮೆಯವರು ಕೈಬಿಟ್ಟ ವಾಹನವೇ ಎಂಬ ಹಣ ಕೊಟ್ಟು ಮಾಡಿಸುವ ಪರಿಶೀಲನೆಯನ್ನೂ ತಪ್ಪಿಸಬೇಡಿ, ಇಪ್ಪತ್ತು ಪೌಂಡಿನ ಆಸುಪಾಸು. ಹಳೆಯ ಮಾಲೀಕರ ತೆರಿಗೆ 2014ರ ಅಕ್ಟೋಬರಿನಿಂದ ಕಾರಿನ ಜೊತೆ ಬರುವುದಿಲ್ಲ, ಓಡಿಸಿಕೊಂಡು ಬರುವ ಮೊದಲು ವಿ5ಸಿಯಿಂದ ಹರಿದು ಕೊಡುವ ಹಸಿರು ಚೀಟಿಯ ನಂಬರ್ ಹಾಕಿ ನೀವೇ ಕಟ್ಟಬೇಕು. ವಿಮೆಯನ್ನು ಮೌಲ್ಯವನ್ನು ಮೊದಲೇ ಒಪ್ಪಿಕೊಳ್ಳುವ ಪಾಲಿಸಿಯಾಗಿಯೇ ಮಾಡಿಸಿ, ಇಲ್ಲವಾದರೆ ಅಪಘಾತವಾದಾಗ ಮಾರುಕಟ್ಟೆ ದರ ಎಂದು ಎಷ್ಟನ್ನು ಲೆಕ್ಕ ಹಾಕುತ್ತಾರೋ ಅಷ್ಟಕ್ಕೇ ತೃಪ್ತಿಪಡಬೇಕಾಗುತ್ತದೆ. ತಪಾಸಣೆಯ ವರದಿ ಮತ್ತು ಚಿತ್ರಗಳನ್ನು ಕಳಿಸಿದಾಗ ನನ್ನ ವಿಮೆಯವರು 14,000 ಪೌಂಡಿಗೆ ಒಪ್ಪಿದರು.

ದರ್ಜೆ ಬದಲಾವಣೆಗೆಂದು ಅಂಚೆ ಕಚೇರಿಗೆ ಹೋದಾಗ, ನೋಂದಣಿ ಪತ್ರದಲ್ಲಿ ತಯಾರಿಕೆಯ ವರ್ಷ ದಾಖಲಾಗದೆ ಕೌಂಟರಿನಲ್ಲಿ ಏನೂ ಮಾಡಲು ಬರುವುದಿಲ್ಲ ಎಂದರು. ಹೆರಿಟೇಜ್ ಟ್ರಸ್ಟಿನ ಪತ್ರವನ್ನೂ ವಿ5ಸಿಯನ್ನೂ ಸ್ವಾನ್ಸಿಯಲ್ಲಿರುವ ಡಿವಿಎಲ್‌ಎ ಎಂಬ ವಾಹನ ನೋಂದಣಿ ಸಂಸ್ಥೆಗೆ ಕಳಿಸಿದೆ. ಕಳಿಸುವ ಮೊದಲು ಪ್ರತಿಯೊಂದರ ಚಿತ್ರ ತೆಗೆದಿಟ್ಟುಕೊಂಡು, ಟ್ರ್ಯಾಕಿಂಗ್ ಇರುವ ಅಂಚೆಯಲ್ಲೇ ಕಳಿಸಿ. ಮೂಲ ದಾಖಲೆ ಕೈಯಲ್ಲಿಲ್ಲದ ಆ ವಾರಗಳಲ್ಲಿ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ತಿದ್ದಿದ ಪತ್ರ ಬಂದ ಮೇಲೆ ವಿ112 ಎಂಬ ಘೋಷಣಾ ಪತ್ರ ತುಂಬಿ ಮತ್ತೆ ಕೌಂಟರಿಗೆ ಹೋದೆ, ಹತ್ತು ನಿಮಿಷದಲ್ಲಿ ಕೆಲಸವಾಯಿತು. ಕಳೆದ 30 ವರ್ಷಗಳಲ್ಲಿ ಕಾರಿನ ಮೂಲರಚನೆಯಲ್ಲಿ ದೊಡ್ಡ ಬದಲಾವಣೆ ಆಗಿಲ್ಲ ಎಂದು ಅದರಲ್ಲಿ ಘೋಷಿಸಬೇಕು. ಸರ್ವೀಸಿನ ಹಳೆಯ ರಸೀದಿಗಳಿದ್ದರೆ ಧೈರ್ಯವಾಗಿ ಸಹಿ ಮಾಡಬಹುದು.

ಈಗ ಕಾರು ಗ್ಯಾರೇಜಿನಲ್ಲಿ ಲಿಫ್ಟಿನ ಮೇಲಿದೆ. ಪೆಟ್ರೋಲ್ ಪೈಪುಗಳನ್ನು ಮೊದಲು ಬದಲಿಸಿಯಾಯಿತು. ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಇ10 ಪೆಟ್ರೋಲಿನಲ್ಲಿ ಎಥನಾಲ್ ಹೆಚ್ಚಿದ್ದು ಹಳೆಯ ರಬ್ಬರನ್ನು ಕೆಡಿಸುವುದರಿಂದ ಸೂಪರ್ ದರ್ಜೆಯ ಇ5 ಮಾತ್ರ ತುಂಬಿಸುತ್ತಿದ್ದೇನೆ. ಹಿಂದಿನ ಚೌಕಟ್ಟು ಇಳಿದಾಗ ಬಲಗಡೆಯ ಡಿಸ್ಕಿನಲ್ಲಿ ಆಳವಾದ ಗೀರುಗಳಿದ್ದವು, ಎಡಗಡೆಯದು ಪರವಾಗಿಲ್ಲ ಎನ್ನುವಂತಿತ್ತು. ಎರಡನ್ನೂ ಬದಲಿಸುತ್ತಿದ್ದಾರೆ. ಅಂದಾಜಿಗಿಂತ ಬಿಲ್ 280 ಪೌಂಡ್ ಹೆಚ್ಚಾಗಿದೆ, ಹ್ಯಾಂಡ್‌ಬ್ರೇಕ್ ಕ್ಯಾಲಿಪರುಗಳು ಜಾಮ್ ಆಗಿದ್ದವು. ಜಾಕ್ ಜಾಗದ ವೆಲ್ಡಿಂಗ್ ಮುಗಿದ ಮೇಲೆ ಸಿಲ್‌ಗಳ ಒಳಗೆ ಮೇಣದ ಲೇಪ ಸಿಂಪಡಿಸಬೇಕು. ಕಾನೂನಿನ ಪ್ರಕಾರ 40 ವರ್ಷ ದಾಟಿದ ಈ ಕಾರಿಗೆ ಇನ್ನು ಎಂಒಟಿ ಬೇಕಾಗಿಲ್ಲ, ಆದರೂ ಕೆಲಸ ಮುಗಿದ ಕೂಡಲೇ ಮಾಡಿಸಲೆಂದು ಸಮಯ ಗೊತ್ತುಮಾಡಿದ್ದೇನೆ. ಗರಿಷ್ಠ ಶುಲ್ಕ 54.85 ಪೌಂಡ್. ಬೇರೊಬ್ಬ ತಪಾಸಕರು ವರ್ಷಕ್ಕೊಮ್ಮೆ ಆ ರೇಡಿಯಸ್ ಆರ್ಮ್ ಆಧಾರಗಳನ್ನು ನೋಡಿ ಬರೆದಿಡುವುದಕ್ಕೆ ಅದು ಹೆಚ್ಚಿನ ಹಣವೇನಲ್ಲ, ಮುಂದೆ ಈ ಕಾರನ್ನು ಕೊಳ್ಳುವವರಿಗೂ ಓದಲು ಒಂದು ಇತಿಹಾಸ ಸಿಗುತ್ತದೆ.